ವೆಂಟಿಲೇಟರಿನ ಪಕ್ಕದಲ್ಲಿ ಯಾರಿರಬೇಕು?

ನಿಮ್ಮ ಬಂಧುವೊಬ್ಬರು ಐ.ಸಿ.ಯು.ನಲ್ಲಿದ್ದಾರೆ ಎಂದುಕೊಳ್ಳಿ. ಗಂಟಲಿನೊಳಗೆ ಇಳಿಸಿದ ನಳಿಕೆ, ಅದಕ್ಕೆ ಜೋಡಿಸಿದ ವೆಂಟಿಲೇಟರ್, ನಿಮಿಷಕ್ಕೆ ಹದಿನಾರೋ ಹದಿನೆಂಟೋ ಸಲ ಏರಿಳಿಯುವ ಎದೆ. ರಾತ್ರಿ ಎರಡು ಗಂಟೆಗೆ ಯಂತ್ರ ಕೂಗಿಕೊಳ್ಳುತ್ತದೆ. ಹಾಸಿಗೆಯ ಬಳಿಗೆ ಒಬ್ಬರು ಬರುತ್ತಾರೆ. ಅವರು ವೈದ್ಯರೆ, ದಾದಿಯೆ, ತಂತ್ರಜ್ಞರೆ? ಅವರು ಯಾವ ಗುಂಡಿಯನ್ನು ತಿರುಗಿಸಬಹುದು, ಯಾವುದನ್ನು ಮುಟ್ಟಬಾರದು? ಬಿಳಿ ಕೋಟು ತೊಟ್ಟವರೆಲ್ಲ ಒಂದೇ ಎಂದು ಭಾವಿಸುವ ನಮಗೆ ಈ ಪ್ರಶ್ನೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕಾನೂನಿಗೆ ಹೊಳೆಯಲೇಬೇಕು. ಹಾಗೆ ಹೊಳೆದಾಗ ಅದು ಕೊಟ್ಟ ಉತ್ತರಗಳಲ್ಲಿ ಎರಡನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ. ಒಂದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ್ದು, ಇನ್ನೊಂದು 2021ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಕಾಯ್ದೆ.

ಭೌತಶಾಸ್ತ್ರದ ಮೇಷ್ಟರಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ವೆಂಟಿಲೇಟರ್ ಎಂದರೆ ಒಂದು ಪಂಪು, ಒಂದು ಕೊಳವೆ, ಕೊಳವೆಯ ತುದಿಯಲ್ಲಿ ಒಂದು ಬಲೂನು. ಅದರ ವರ್ತನೆಯನ್ನು ತಿಳಿಯಲು ಬೇಕಾದ ಗಣಿತ ಪಿ.ಯು.ಸಿ. ಪಠ್ಯದಲ್ಲಿದೆ. ಈ ಗಣಿತವನ್ನು ಕಾನೂನಿನ ಪಕ್ಕದಲ್ಲಿಟ್ಟು ನೋಡಿದರೆ ಯಾವ ನಿಯಮ ರೋಗಿಯನ್ನು ಕಾಪಾಡುತ್ತದೆ, ಯಾವುದು ಕೇವಲ ವೃತ್ತಿಯ ಹೆಸರನ್ನು ಕಾಪಾಡುತ್ತದೆ ಎಂಬುದು ಕಾಣತೊಡಗುತ್ತದೆ.

ಕ್ಯಾಲಿಫೋರ್ನಿಯಾದ ಗೆರೆ

ಅಮೆರಿಕದಲ್ಲಿ ಉಸಿರಾಟದ ಆರೈಕೆ ಒಂದು ಪ್ರತ್ಯೇಕ ವೃತ್ತಿ. ಅದನ್ನು ನಡೆಸುವವರಿಗೆ ರೆಸ್ಪಿರೇಟರಿ ಥೆರಪಿಸ್ಟ್ ಎಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಇವರಿಗಾಗಿ 1982ರಲ್ಲೇ ಕಾಯ್ದೆಯೊಂದು ಬಂತು. ಅದನ್ನು ಜಾರಿಗೊಳಿಸಲು ಒಂದು ಮಂಡಳಿ ಇದೆ. ಮಂಡಳಿಯ ಪರವಾನಗಿ ಇಲ್ಲದವರು ಈ ವೃತ್ತಿಯನ್ನು ನಡೆಸುವಂತಿಲ್ಲ.

ಇಷ್ಟಕ್ಕೇ ಎಲ್ಲ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಅಲ್ಲಿ ವೊಕೇಶನಲ್ ನರ್ಸ್ ಎಂಬ ಇನ್ನೊಂದು ವರ್ಗವಿದೆ. ಇವರ ತರಬೇತಿ ಸುಮಾರು ಒಂದು ವರ್ಷದ್ದು. ನಿಯಮದ ಪ್ರಕಾರ ಕನಿಷ್ಠ 1530 ಗಂಟೆ. ದೀರ್ಘಕಾಲದ ಆರೈಕೆ ಕೇಂದ್ರಗಳಲ್ಲಿ, ಮನೆಗಳಲ್ಲಿ ವೆಂಟಿಲೇಟರಿಗೆ ಜೋಡಿಸಲ್ಪಟ್ಟ ರೋಗಿಗಳನ್ನು ನೋಡಿಕೊಳ್ಳಲು ಅನೇಕ ಕಡೆ ಇವರನ್ನೇ ಬಳಸಲಾಗುತ್ತಿತ್ತು. ಇದು ಕಾನೂನುಬದ್ಧವೆ ಅಲ್ಲವೆ ಎಂಬ ಜಗ್ಗಾಟ ಎರಡು ಮಂಡಳಿಗಳ ನಡುವೆ ಬಹುಕಾಲ ನಡೆಯಿತು. 2022ರಲ್ಲಿ ಆ ರಾಜ್ಯದ ಶಾಸನಸಭೆ ಎಸ್‌.ಬಿ. 1436 ಎಂಬ ವಿಧೇಯಕದ ಮೂಲಕ ಒಂದು ಗೆರೆ ಎಳೆಯಿತು.

ಈ ಗೆರೆ ಎಳೆದ ಬಗೆ ಗಮನಾರ್ಹ. ಯಂತ್ರಗಳ ಪಟ್ಟಿ ಮಾಡಿ ‘ಇದನ್ನು ಇವರು ಮುಟ್ಟಬಹುದು, ಅದನ್ನು ಅವರು ಮುಟ್ಟಬಹುದು’ ಎಂದು ಹೇಳಲಿಲ್ಲ. ಉಸಿರಾಟದ ಸ್ಥಿತಿಯನ್ನು ಪರಿಶೀಲಿಸಿ ತೀರ್ಮಾನಿಸುವ ಅಗತ್ಯವಿಲ್ಲದ, ಕೇವಲ ಕೈಕುಶಲತೆ, ತಾಂತ್ರಿಕ ಅಭ್ಯಾಸ ಅಥವಾ ಮಾಹಿತಿ ಸಂಗ್ರಹ ಸಾಕಾಗುವ ಕೆಲಸಗಳು ‘ಮೂಲಭೂತ’ ಕೆಲಸಗಳು. ಅವನ್ನು ಗುರುತಿಸುವ ಅಧಿಕಾರ ಉಸಿರಾಟ ಆರೈಕೆ ಮಂಡಳಿಯದು. ಅದಕ್ಕಿಂತ ಮೇಲಿನವು ಈ ವಿಷಯದಲ್ಲೇ ಕ್ರಮವಾದ ಶಿಕ್ಷಣ ಪಡೆದವರಿಗೆ. ಅಂದರೆ ಗೆರೆ ಬಿದ್ದಿರುವುದು ಕೈ ಮತ್ತು ಕಣ್ಣಿನ ನಡುವೆ, ಮಾಡುವುದಕ್ಕೂ ತೀರ್ಮಾನಿಸುವುದಕ್ಕೂ ನಡುವೆ. ಈ ತತ್ತ್ವ ಸರಿಯೆ? ಒಂದು ಲೆಕ್ಕ ಮಾಡಿ ನೋಡೋಣ.

ಒಂದೇ ಕೂಗು, ಎರಡು ಕಾರಣ

ವೆಂಟಿಲೇಟರ್ ಗಾಳಿಯನ್ನು ಒಳಕ್ಕೆ ತಳ್ಳುವಾಗ ಬೇಕಾಗುವ ಒತ್ತಡ ಮೂರು ಪಾಲುಗಳ ಮೊತ್ತ. ಶ್ವಾಸಕೋಶವನ್ನು ಹಿಗ್ಗಿಸಲು ಬೇಕಾದದ್ದು ಒಂದು ಪಾಲು. ಇದು ತಳ್ಳಿದ ಗಾಳಿಯ ಗಾತ್ರವನ್ನು ಶ್ವಾಸಕೋಶದ ಹಿಗ್ಗುವ ಗುಣದಿಂದ ಭಾಗಿಸಿದರೆ ಸಿಗುತ್ತದೆ. ಶ್ವಾಸನಾಳದ ರೋಧವನ್ನು ಮೀರಲು ಬೇಕಾದದ್ದು ಎರಡನೆಯದು; ಇದು ಹರಿವಿನ ದರ ಮತ್ತು ರೋಧಗಳ ಗುಣಲಬ್ಧ. ಉಸಿರು ಹೊರಬಿಟ್ಟ ನಂತರವೂ ವಾಯುಕೋಶಗಳು ಮುದುಡದಂತೆ ಉಳಿಸುವ ಒತ್ತಡ ಮೂರನೆಯದು. ಇದನ್ನು ಆಸ್ಪತ್ರೆಯವರು ಪೀಪ್ ಎನ್ನುತ್ತಾರೆ. ವಿದ್ಯುನ್ಮಂಡಲ ಓದಿದವರಿಗೆ ಇದು ಹಳೆಯ ಪರಿಚಯ: ಒಂದು ರೋಧಕ, ಅದರ ಸರಣಿಯಲ್ಲಿ ಒಂದು ಧಾರಕ. ಶ್ವಾಸನಾಳ ರೋಧಕ, ಶ್ವಾಸಕೋಶ ಧಾರಕ, ಗಾಳಿಯ ಹರಿವೇ ವಿದ್ಯುತ್ ಪ್ರವಾಹ.

ಈಗ ಸಂಖ್ಯೆಗಳನ್ನು ಹಾಕೋಣ. ಪ್ರತಿ ಉಸಿರಿಗೆ 450 ಮಿಲಿಲೀಟರ್ ಗಾಳಿ. ಶ್ವಾಸಕೋಶ ಪ್ರತಿ ಸೆಂಟಿಮೀಟರ್ ನೀರಿನ ಒತ್ತಡಕ್ಕೆ 50 ಮಿ.ಲೀ. ಹಿಗ್ಗುತ್ತದೆ. ಹಾಗಾದರೆ ಮೊದಲ ಪಾಲು 9 ಸೆಂ.ಮೀ. ಹರಿವು ಸೆಕೆಂಡಿಗೆ ಒಂದು ಲೀಟರ್, ರೋಧ 10. ಎರಡನೆಯ ಪಾಲು 10 ಸೆಂ.ಮೀ. ಪೀಪ್ 5 ಸೆಂ.ಮೀ. ಒಟ್ಟು 24. ಯಂತ್ರದ ಪರದೆಯ ಮೇಲೆ ಗರಿಷ್ಠ ಒತ್ತಡ 24 ಎಂದು ಕಾಣುತ್ತದೆ. ಎಲ್ಲ ನೆಮ್ಮದಿಯಾಗಿದೆ.

ರಾತ್ರಿ ಎರಡು ಗಂಟೆಗೆ ಅದು 40ಕ್ಕೆ ಏರಿ ಯಂತ್ರ ಕೂಗಿತು. ಏಕೆ? ನಳಿಕೆಯಲ್ಲಿ ಕಫ ಕಟ್ಟಿ ರೋಧ 10ರಿಂದ 26ಕ್ಕೆ ಏರಿರಬಹುದು: 9 + 26 + 5 = 40. ಅಥವಾ ರೋಧ ಮೊದಲಿನಂತೆಯೇ ಇದ್ದು, ಶ್ವಾಸಕೋಶದ ಹೊರಗೆ ಎದೆಗೂಡಿನೊಳಗೆ ಗಾಳಿ ಸೋರಿ ಶ್ವಾಸಕೋಶ ಅದುಮಿಹೋಗಿ, ಅದರ ಹಿಗ್ಗುವ ಗುಣ 50ರಿಂದ 18ಕ್ಕೆ ಇಳಿದಿರಬಹುದು: 25 + 10 + 5 = 40. ಪರದೆಯ ಮೇಲಿನ ಅಂಕಿ ಎರಡೂ ಸಂದರ್ಭದಲ್ಲಿ 40. ಕೂಗಿನ ಸ್ವರವೂ ಒಂದೇ. ಮೊದಲನೆಯದಕ್ಕೆ ಪರಿಹಾರ ಕಫವನ್ನು ಎಳೆದು ತೆಗೆಯುವುದು. ಎರಡನೆಯದಕ್ಕೆ ಎದೆಗೆ ಸೂಜಿ ಚುಚ್ಚಿ ಸೋರಿದ ಗಾಳಿಯನ್ನು ಹೊರಬಿಡಬೇಕಾಗಬಹುದು. ಅಲ್ಲಿ ಕಫ ಎಳೆಯುತ್ತ ಕುಳಿತರೆ ರೋಗಿಯ ಬಳಿ ಇರುವ ಕೆಲವೇ ನಿಮಿಷಗಳು ಕಳೆದುಹೋಗುತ್ತವೆ.

ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಇಲ್ಲಿ ಒಂದು ಸೊಗಸಾದ ಪ್ರಯೋಗವಿದೆ. ಉಸಿರು ಪೂರ್ತಿ ಒಳಹೋದ ಕ್ಷಣದಲ್ಲಿ ಯಂತ್ರದ ಒಂದು ಗುಂಡಿಯನ್ನು ಒತ್ತಿ ಗಾಳಿಯನ್ನು ಅರೆಕ್ಷಣ ತಡೆಹಿಡಿಯುತ್ತಾರೆ. ಹರಿವು ಶೂನ್ಯವಾಯಿತು; ಹರಿವು ಗುಣಿಸು ರೋಧ ಎಂಬ ಪದವೂ ಶೂನ್ಯ. ಉಳಿದದ್ದು ಹಿಗ್ಗಿಸುವ ಒತ್ತಡ ಮತ್ತು ಪೀಪ್ ಮಾತ್ರ. ಇದನ್ನು ಪ್ಲ್ಯಾಟೊ ಒತ್ತಡ ಎನ್ನುತ್ತಾರೆ. ಕಫ ಕಟ್ಟಿದ್ದರೆ ಅದು 14ಕ್ಕೆ ಇಳಿಯುತ್ತದೆ. ಶ್ವಾಸಕೋಶವೇ ಅದುಮಿದ್ದರೆ 30ರಲ್ಲೇ ನಿಲ್ಲುತ್ತದೆ. ನಿಮ್ಮ ಪ್ರಯೋಗಾಲಯದಲ್ಲಿ ಒಂದು ಚರವನ್ನು ಸೊನ್ನೆ ಮಾಡಿ ಇನ್ನೊಂದನ್ನು ಅಳೆಯುವ ವಿಧಾನವೇ ಇದು, ಬೇರೇನಲ್ಲ. ಇಷ್ಟನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಲು ಇಪ್ಪತ್ತು ನಿಮಿಷ ಸಾಕು. ಆದರೆ ರಾತ್ರಿ ಎರಡು ಗಂಟೆಗೆ, ಕೂಗುವ ಯಂತ್ರದ ಮುಂದೆ, ನೀಲಿಗಟ್ಟುತ್ತಿರುವ ತುಟಿಗಳನ್ನು ನೋಡುತ್ತ ಇದು ನೆನಪಾಗಬೇಕಾದರೆ ನೂರಾರು ರೋಗಿಗಳ ಬಳಿ ಅಭ್ಯಾಸವಾಗಿರಬೇಕು. ಇಲ್ಲಿ ಎದೆಗೆ ಕಿವಿಗೊಟ್ಟು ಕೇಳುವುದು, ರಕ್ತದೊತ್ತಡ ನೋಡುವುದು ಮೊದಲಾದವನ್ನು ನಾನು ಬಿಟ್ಟಿದ್ದೇನೆ. ಹಾಸಿಗೆಯ ಬಳಿ ನಿಂತವರು ಬಿಡುವಂತಿಲ್ಲ.

ಗಮನಿಸಿ, ಕಫ ಎಳೆಯುವುದು ನೋಡುವವರಿಗೆ ಕೈಕೆಲಸ. ತೆಳು ಕೊಳವೆಯನ್ನು ಇಳಿಸುವುದು, ಹೀರುವುದು, ತೆಗೆಯುವುದು. ಯಾರು ಬೇಕಾದರೂ ವಾರದಲ್ಲಿ ಕಲಿತಾರು. ಆದರೆ ‘ಈಗ ಎಳೆಯಬೇಕೆ?’ ಎಂಬುದು ಕೈಕೆಲಸವಲ್ಲ. ಹಾಗೆಯೇ ಯಂತ್ರದ ಕೂಗನ್ನು ಸುಮ್ಮನಾಗಿಸುವ ಗುಂಡಿ. ಅದಕ್ಕಿಂತ ಸುಲಭವಾದ ಕೆಲಸ ಇಡೀ ಐ.ಸಿ.ಯು.ನಲ್ಲಿ ಇರಲಾರದು, ಅದಕ್ಕಿಂತ ಅಪಾಯದ್ದೂ ಇರಲಾರದು. ಕೆಲಸದ ಸುಲಭತೆಯನ್ನು ಅಳತೆಗೋಲಾಗಿಟ್ಟುಕೊಂಡು ಮಾಡಿದ ಯಾವ ಪಟ್ಟಿಯೂ ಇಲ್ಲಿ ಸೋಲುತ್ತದೆ. ಆದ್ದರಿಂದಲೇ ‘ಪರಿಶೀಲಿಸಿ ತೀರ್ಮಾನಿಸುವ ಅಗತ್ಯವಿದೆಯೆ?’ ಎಂಬ ಕ್ಯಾಲಿಫೋರ್ನಿಯಾದ ಪ್ರಶ್ನೆ ಸರಿಯಾದ ಪ್ರಶ್ನೆ ಎನ್ನುತ್ತೇನೆ.

ನಿಜವಾಗಿಯೂ ಮೂಲಭೂತ ಎನ್ನಬಹುದಾದ ಕೆಲಸಗಳು ಇಲ್ಲವೆಂದಲ್ಲ. ನಮ್ಮ ಆಸ್ಪತ್ರೆಗಳ ದೊಡ್ಡ ಡಿ-ಮಾದರಿಯ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಅಂದರೆ 7000 ಲೀಟರ್ ಆಮ್ಲಜನಕ. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ 700 ನಿಮಿಷ, ಹನ್ನೆರಡು ಗಂಟೆಗೂ ಸ್ವಲ್ಪ ಕಡಿಮೆ. ಮಾಪಕದ ಮುಳ್ಳು ನೋಡಿ ಮುಂದಿನ ಸಿಲಿಂಡರನ್ನು ಹೊತ್ತಿಗೆ ಮುಂಚೆ ತರಿಸುವುದಕ್ಕೆ ಪದವಿ ಬೇಡ, ಎಚ್ಚರ ಬೇಕು. ಇಂಥದ್ದನ್ನೂ ಪರವಾನಗಿಯ ಬೇಲಿಯೊಳಗೆ ಸೇರಿಸಹೊರಟರೆ ಅದು ರೋಗಿಯ ಸುರಕ್ಷತೆಯಲ್ಲ, ವೃತ್ತಿಯ ಸ್ವಾರ್ಥ.

ತಾಯಿ ಮಾಡಬಹುದು, ದಾದಿ ಮಾಡಬಾರದೆ?

ಇನ್ನು ಆಕ್ಷೇಪಣೆಗೆ ಬರೋಣ. ಗೆರೆ ಎಳೆದ ಅದೇ ಶಾಸನಸಭೆ ಗೆರೆಯಲ್ಲಿ ಒಂದು ಬಾಗಿಲನ್ನೂ ಇಟ್ಟಿತು. ಮನೆಗಳಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳ ವೊಕೇಶನಲ್ ನರ್ಸ್‌ಗಳು, ಮಂಡಳಿ ಗುರುತಿಸಿದ ಕೆಲವು ಉಸಿರಾಟದ ಕೆಲಸಗಳನ್ನು ಮಾಡಬಹುದು. ಷರತ್ತೆಂದರೆ ಆ ನಿರ್ದಿಷ್ಟ ರೋಗಿಗೆ ಸಂಬಂಧಿಸಿದ ತರಬೇತಿ ಪಡೆದಿರಬೇಕು. ಒಂದು ಗೊತ್ತುಪಡಿಸಿದ ದಿನದವರೆಗೆ ಆ ತರಬೇತಿ ‘ಉದ್ಯೋಗದಾತರಿಗೆ ತೃಪ್ತಿಕರ’ವಾಗಿದ್ದರೆ ಸಾಕು. ಆ ದಿನದ ನಂತರ ಮಂಡಳಿಯ ಮಾರ್ಗಸೂಚಿಗೆ ಅನುಗುಣವಾಗಿರಬೇಕು.

ಈ ವಿನಾಯಿತಿಯನ್ನು ಕಂಡೊಡನೆ ‘ರೋಗಿಯ ಸುರಕ್ಷತೆಯೊಡನೆ ರಾಜಿ’ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆನ್ನಿಸುವುದಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ವೆಂಟಿಲೇಟರಿನ ಮೇಲೆ ಬದುಕುವ ಮಗುವನ್ನು ಯೋಚಿಸಿ. ಅದರ ತಾಯಿ ಹಣ ಪಡೆಯದೆ ಈ ಎಲ್ಲ ಕೆಲಸಗಳನ್ನೂ ಮಾಡಬಹುದು. ಬಂಧುಮಿತ್ರರು ಹೀಗೆ ಮಾಡುವ ಆರೈಕೆಗೆ ಕ್ಯಾಲಿಫೋರ್ನಿಯಾದ ಕಾಯ್ದೆ ಪರವಾನಗಿ ಕೇಳುವುದಿಲ್ಲ. ಕೇಳುವುದು ಸಾಧ್ಯವೂ ಇಲ್ಲ. ಹಾಗಿರುವಾಗ ತಾಯಿ ನಿದ್ರಿಸುವ ಎಂಟು ಗಂಟೆ ಅದೇ ಕೆಲಸವನ್ನು ತರಬೇತಿ ಪಡೆದ ದಾದಿ ಮಾಡಿದರೆ ಅಪರಾಧವೆಂದರೆ ಯಾರಿಗೂ ಒಪ್ಪಿಗೆಯಾಗದು.

ಇದರಲ್ಲಿ ವೈಜ್ಞಾನಿಕ ಸತ್ಯಾಂಶವೂ ಇದೆ. ಐ.ಸಿ.ಯು.ನಲ್ಲಿ ಕೆಲಸ ಮಾಡುವವರು ಬಗೆಬಗೆಯ ಶ್ವಾಸಕೋಶಗಳನ್ನು, ಗಂಟೆಗಂಟೆಗೆ ಬದಲಾಗುವ ಸ್ಥಿತಿಗಳನ್ನು ಎದುರಿಸುತ್ತಾರೆ. ತಾಯಿ ಎದುರಿಸುವುದು ಒಂದೇ ಶ್ವಾಸಕೋಶ, ಒಂದೇ ಯಂತ್ರ. ಸಮೀಕರಣದಲ್ಲಿ ಹಿಗ್ಗುವ ಗುಣ ಮತ್ತು ರೋಧ ಹೆಚ್ಚುಕಡಿಮೆ ಸ್ಥಿರಾಂಕಗಳಾಗಿವೆ. ‘ನನ್ನ ಮಗುವಿಗೆ ಸಾಮಾನ್ಯವಾಗಿ ಎಷ್ಟಿರುತ್ತದೆ’ ಎಂಬುದು ಆಕೆಗೆ ಯಾವ ಪರಿಣತರಿಗಿಂತ ಚೆನ್ನಾಗಿ ಗೊತ್ತು. ರೋಗಿ-ನಿರ್ದಿಷ್ಟ ತರಬೇತಿ ಎಂಬ ಕಲ್ಪನೆ ಅನುಸರಿಸುವುದು ಈ ತಾಯಿಯ ಜ್ಞಾನವನ್ನೇ. ಅದು ಒಪ್ಪತಕ್ಕದ್ದು.

ಒಪ್ಪಲಾಗದ್ದು ‘ಉದ್ಯೋಗದಾತರಿಗೆ ತೃಪ್ತಿಕರ’ ಎಂಬ ಎರಡು ಪದಗಳು. ತರಬೇತಿಯ ಖರ್ಚು ಯಾರದ್ದೋ, ಪರೀಕ್ಷಕರೂ ಅವರೇ. ಬೆಳಗ್ಗೆ ಏಳಕ್ಕೆ ಪಾಳಿ ತುಂಬಬೇಕಾದವರೂ ಅವರೇ. ಶಾಲೆಯ ಫಲಿತಾಂಶ ಶೇಕಡ ನೂರಾಗಬೇಕೆಂದು ಬಯಸುವ ಆಡಳಿತ ಮಂಡಳಿಯೇ ಎಸ್‌.ಎಸ್‌.ಎಲ್‌.ಸಿ. ಉತ್ತರಪತ್ರಿಕೆಗಳನ್ನೂ ತಿದ್ದಿದರೆ ಹೇಗಿರುತ್ತದೆ ಎಂಬುದನ್ನು ಅಧ್ಯಾಪಕರಿಗೆ ನಾನು ವಿವರಿಸಬೇಕಿಲ್ಲ. ಮಂಡಳಿಯ ಮಾರ್ಗಸೂಚಿಯ ಹಂತ ಮೊದಲು ಬಂದು, ವಿನಾಯಿತಿ ಆಮೇಲೆ ಬರಬೇಕಿತ್ತು. ಅಲ್ಲಿ ನಡೆದದ್ದು ತಿರುಗುಮುರುಗು.

ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು

ಅರ್ಹತೆ ಇಲ್ಲದವರಿಂದ ಉಸಿರಾಟದ ಆರೈಕೆ ಸಾಧ್ಯವೇ ಇಲ್ಲ ಎನ್ನುವವರಿಗೆ ಇತಿಹಾಸದಲ್ಲಿ ಒಂದು ದೊಡ್ಡ ಉತ್ತರವಿದೆ. ವೆಂಟಿಲೇಟರ್ ಚಿಕಿತ್ಸೆಯ ಆಧುನಿಕ ಇತಿಹಾಸ ಆರಂಭವಾದದ್ದೇ ಅಂಥವರ ಕೈಗಳಿಂದ.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತು. ಬ್ಲೆಗ್‌ಡಾಮ್ ಆಸ್ಪತ್ರೆಯಲ್ಲಿದ್ದದ್ದು ದೇಹವನ್ನು ಪೂರ್ತಿ ಒಳಗಿಟ್ಟು ಉಸಿರಾಡಿಸುವ ಉಕ್ಕಿನ ಪೆಟ್ಟಿಗೆ ಒಂದು, ಎದೆಗೆ ಕಟ್ಟುವ ಯಂತ್ರಗಳು ಆರು. ಮೊದಲ ಮೂರು ವಾರಗಳಲ್ಲಿ ಯಂತ್ರದ ಚಿಕಿತ್ಸೆ ಪಡೆದ 31 ರೋಗಿಗಳಲ್ಲಿ 27 ಮಂದಿ ಸತ್ತರು. ಅವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಹೆಚ್ಚಿತ್ತು. ಅದನ್ನು ಕ್ಷಾರತೆಯ ಲಕ್ಷಣವೆಂದು ವೈದ್ಯರು ಓದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದೇ ಅಂಕಿಯನ್ನು ಬೇರೆ ರೀತಿ ಓದಿದರು: ಉಸಿರಾಟ ಸಾಲದೆ ಡೈಆಕ್ಸೈಡ್ ಒಳಗೇ ಉಳಿಯುತ್ತಿದೆ. ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಕಿಯ ಗಂಟಲಿಗೆ ರಂಧ್ರ ಮಾಡಿ, ನಳಿಕೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಂಡಿ ಗಾಳಿ ತುಂಬಿದರು. ಅವಳು ಬದುಕಿದಳು.

ಮುಂದಿನದು ಕೈಗಳ ಪ್ರಶ್ನೆ. ಒಂದು ಹಂತದಲ್ಲಿ ಏಕಕಾಲಕ್ಕೆ 70 ರೋಗಿಗಳಿಗೆ ಹೀಗೆ ಚೀಲ ಹಿಂಡಬೇಕಾಯಿತು, ಹಗಲೂ ರಾತ್ರಿ. ಸುಮಾರು 1500 ವೈದ್ಯಕೀಯ ಮತ್ತು ದಂತವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಹಿಂಡಿದರು. ಯಾರ ಬಳಿಯೂ ಪರವಾನಗಿ ಇರಲಿಲ್ಲ. ಸಾವಿನ ಪ್ರಮಾಣ ಮೊದಲಿದ್ದುದರ ಅರ್ಧಕ್ಕೂ ಕಡಿಮೆಯಾಯಿತು.

ಈ ಕಥೆಯನ್ನು ‘ಪರವಾನಗಿ ಬೇಡ’ ಎಂಬ ವಾದಕ್ಕೆ ಬಳಸುವವರಿದ್ದಾರೆ. ಅವರು ಕಥೆಯ ಅರ್ಧವನ್ನಷ್ಟೇ ಓದಿದ್ದಾರೆ. ಚೀಲ ಹಿಂಡಿದ್ದು ವಿದ್ಯಾರ್ಥಿಗಳು ನಿಜ. ಆದರೆ ಯಾರಿಗೆ ಹಿಂಡಬೇಕು, ರಕ್ತದ ಅಂಕಿ ಏನು ಹೇಳುತ್ತಿದೆ ಎಂಬುದನ್ನು ತೀರ್ಮಾನಿಸುತ್ತ ಅರಿವಳಿಕೆ ತಜ್ಞರು ಹಿಂದೆ ನಿಂತಿದ್ದರು. ಇನ್ನೂ ಒಂದು ಮಾತು. ಮೊದಲ ಮೂರು ವಾರಗಳ ಆ 27 ಸಾವುಗಳು ಸಂಭವಿಸಿದ್ದು ಪದವಿ, ಪರವಾನಗಿ, ಅನುಭವ ಎಲ್ಲವೂ ಇದ್ದ ವೈದ್ಯರ ಕಣ್ಣೆದುರಿನಲ್ಲೇ. ಅವರಲ್ಲಿ ಕೊರತೆಯಾಗಿದ್ದದ್ದು ಅರ್ಹತಾ ಪತ್ರವಲ್ಲ, ಉಸಿರಾಟ ಎಂಬ ಈ ಒಂದು ವಿಷಯದ ತಿಳಿವಳಿಕೆ.

ಮುಖವಾಡವೂ ಔಷಧವೇ

ವೆಂಟಿಲೇಟರ್ ದೊಡ್ಡ ಯಂತ್ರ, ಅದಕ್ಕೆ ಪರಿಣತರು ಬೇಕು, ಸರಿ. ಮೂಗಿಗೆ ಆಮ್ಲಜನಕದ ಮುಖವಾಡ ಹಾಕುವುದಕ್ಕೂ ಇಷ್ಟೆಲ್ಲ ಬೇಕೆ? ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಆಂಬುಲೆನ್ಸ್ ಸಿಬ್ಬಂದಿಯ ಮೂಲಕ ನಡೆಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ದೀರ್ಘಕಾಲದ ಶ್ವಾಸಕೋಶ ರೋಗ (ಸಿ.ಒ.ಪಿ.ಡಿ.) ಉಲ್ಬಣಗೊಂಡಿದೆ ಎಂದು ಭಾವಿಸಲಾದ 405 ರೋಗಿಗಳು ಅದರಲ್ಲಿದ್ದರು. ಒಂದು ಗುಂಪಿಗೆ ರೂಢಿಯಂತೆ ನಿಮಿಷಕ್ಕೆ 8ರಿಂದ 10 ಲೀಟರ್ ಆಮ್ಲಜನಕ. ಇನ್ನೊಂದು ಗುಂಪಿಗೆ ರಕ್ತದ ಆಮ್ಲಜನಕ ಶೇಕಡ 88ರಿಂದ 92ರ ನಡುವೆ ನಿಲ್ಲುವಷ್ಟು ಮಾತ್ರ. ಮೊದಲ ಗುಂಪಿನಲ್ಲಿ ಸತ್ತವರು ಶೇಕಡ 9, ಎರಡನೆಯದರಲ್ಲಿ ಶೇಕಡ 4.

ಹೆಚ್ಚು ಆಮ್ಲಜನಕ ಕೊಟ್ಟಲ್ಲಿ ಹೆಚ್ಚು ಸಾವು! ಕಾರಣ ನಿಗೂಢವೇನಲ್ಲ. ಇಂಥ ರೋಗಿಗಳಲ್ಲಿ ಅತಿಯಾದ ಆಮ್ಲಜನಕ, ರಕ್ತ ಮತ್ತು ಗಾಳಿಯ ಹಂಚಿಕೆಯನ್ನು ಏರುಪೇರು ಮಾಡುತ್ತದೆ. ಹಿಮೋಗ್ಲೋಬಿನ್ ಹೊತ್ತಿದ್ದ ಡೈಆಕ್ಸೈಡನ್ನೂ ಕಳಚುತ್ತದೆ. ರಕ್ತದಲ್ಲಿ ಡೈಆಕ್ಸೈಡ್ ಏರುತ್ತ ಹೋಗುತ್ತದೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಅಳೆಯುವುದು ಆಮ್ಲಜನಕವನ್ನು ಮಾತ್ರ. ಅದು 99 ಎಂದು ತೋರಿಸುತ್ತಿರುತ್ತದೆ, ಸುತ್ತಲಿದ್ದವರು ಸಮಾಧಾನಪಡುತ್ತಿರುತ್ತಾರೆ, ರೋಗಿ ಮಂಪರಿಗೆ ಜಾರುತ್ತಿರುತ್ತಾನೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಈ ಪುಟ್ಟ ಸಾಧನದ ಬಗ್ಗೆ ನಾವು ಅದು ಏನನ್ನು ಅಳೆಯುತ್ತದೆ ಎಂದು ಕಲಿತೆವು, ಏನನ್ನು ಅಳೆಯುವುದಿಲ್ಲ ಎಂದು ಕಲಿಯಲಿಲ್ಲ. ಆಕ್ಸಿಮೀಟರಿನ ಅಂಕಿಯನ್ನು ಬರೆದಿಡುವುದು ಮಾಹಿತಿ ಸಂಗ್ರಹ. ಅದರಲ್ಲಿ ಅನುಮಾನವಿಲ್ಲ. 99 ಎಂಬುದು ಈ ರೋಗಿಗೆ ಒಳ್ಳೆಯ ಸುದ್ದಿಯೆ, ಕೆಟ್ಟ ಸುದ್ದಿಯೆ ಎಂಬುದು ತೀರ್ಮಾನ. ಕ್ಯಾಲಿಫೋರ್ನಿಯಾದ ಗೆರೆ ಹಾದುಹೋಗುವುದು ಇವೆರಡರ ನಡುವೆಯೇ.

ನಮ್ಮ ಕಾಯ್ದೆ ಏನು ಹೇಳುತ್ತದೆ?

ಭಾರತದಲ್ಲಿ ದಾದಿಯರಿಗೆ 1947ರಿಂದ, ಔಷಧಿಗಾರರಿಗೆ 1948ರಿಂದ ರಾಷ್ಟ್ರಮಟ್ಟದ ಕಾನೂನಿದೆ. ಉಸಿರಾಟದ ತಂತ್ರಜ್ಞರಿಗೆ ಅಂಥದ್ದು ದೊರೆಯಲು 2021 ಬರಬೇಕಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಸಂಸತ್ತು ಪೂರಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಅದರ ಅನುಸೂಚಿಯಲ್ಲಿ ‘ರೆಸ್ಪಿರೇಟರಿ ಟೆಕ್ನಾಲಜಿಸ್ಟ್’ ಎಂಬ ಹೆಸರಿದೆ. ನೋಂದಣಿ ಪುಸ್ತಕಗಳು, ರಾಜ್ಯ ಪರಿಷತ್ತುಗಳು, ಸುಳ್ಳು ನೋಂದಣಿ ಹೇಳಿಕೊಂಡವರಿಗೆ ದಂಡ, ಎಲ್ಲವೂ ಉಂಟು. ಇದು ದೊಡ್ಡ ಹೆಜ್ಜೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಮಣಿಪಾಲದಲ್ಲಿ ಈ ವಿಷಯದ ಬಿ.ಎಸ್ಸಿ. ಓದಿ ಹೊರಬಂದವರಿಗೆ ತಮ್ಮ ವೃತ್ತಿಗೆ ದೇಶದಲ್ಲಿ ಒಂದು ಹೆಸರಿದೆ ಎಂದು ಹೇಳಿಕೊಳ್ಳಲು ಅದು ಅವಕಾಶ ಕೊಟ್ಟಿತು.

ಆದರೆ ಹೆಸರು ಕೊಟ್ಟ ಕಾಯ್ದೆ ಕೆಲಸವನ್ನು ಹೇಳಿಲ್ಲ. ಉಸಿರಾಟದ ಆರೈಕೆ ಎಂದರೇನು, ಅದರಲ್ಲಿ ಯಾವ ತೀರ್ಮಾನ ಯಾರದು ಎಂಬ ವ್ಯಾಖ್ಯೆ ಅದರ ಮೂಲ ಪಠ್ಯದಲ್ಲಿಲ್ಲ. ಪೂರಕ ವೃತ್ತಿಪರರ ವ್ಯಾಖ್ಯೆಯಲ್ಲಿ ಇರುವುದು ಎರಡು ಸಂಗತಿ. ಒಂದು, ಗಂಟೆಗಳು: ಎರಡರಿಂದ ನಾಲ್ಕು ವರ್ಷಗಳ ಅವಧಿಯಲ್ಲಿ 2000 ಗಂಟೆಗೆ ಕಡಿಮೆಯಿಲ್ಲದ ಶಿಕ್ಷಣ. ಇನ್ನೊಂದು, ಪಾತ್ರ: ರೋಗನಿರ್ಣಯಕ್ಕೆ, ಚಿಕಿತ್ಸೆಗೆ ಮತ್ತು ವೈದ್ಯರು, ದಾದಿಯರು ಅಥವಾ ಇತರ ಆರೋಗ್ಯ ವೃತ್ತಿಪರರು ಸೂಚಿಸಿದ ಯೋಜನೆಯ ಅನುಷ್ಠಾನಕ್ಕೆ ‘ನೆರವಾಗುವುದು’.

ಗಂಟೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಯಾರಿಗೂ ಹಾಜರಿ ಪುಸ್ತಕ ಮತ್ತು ತಿಳಿವಳಿಕೆ ಬೇರೆಬೇರೆ ಎಂಬುದು ಗೊತ್ತು. ನನ್ನ ತಕರಾರು ‘ಅನುಷ್ಠಾನ’ ಎಂಬ ಪದದೊಡನೆ. ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಷ್ಠಾನಗೊಳಿಸುತ್ತಾರೆ ಎಂಬ ಚಿತ್ರ ಕ್ಷ-ಕಿರಣ ತೆಗೆಯುವಲ್ಲಿ, ರಕ್ತ ಪರೀಕ್ಷಿಸುವಲ್ಲಿ ಬಹುಮಟ್ಟಿಗೆ ನಿಜ. ವೆಂಟಿಲೇಟರಿನಲ್ಲಿ ನಿಜವಲ್ಲ. ‘450 ಮಿ.ಲೀ. ಕೊಡಿ’ ಎಂದು ವೈದ್ಯರು ಸಂಜೆ ಬರೆದರು. ಯಂತ್ರ ಗಾತ್ರವನ್ನು ಸ್ಥಿರವಾಗಿಡುತ್ತದೆ. ಆಗ ಒತ್ತಡವು ಶ್ವಾಸಕೋಶ ಹೇಳಿದಂತೆ ಏರಿಳಿಯುತ್ತದೆ. ಒತ್ತಡವನ್ನು ಸ್ಥಿರವಾಗಿಟ್ಟರೆ ಗಾತ್ರ ಏರಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಸ್ಥಿರವಾಗಿಡಲು ಸಮೀಕರಣವೇ ಬಿಡುವುದಿಲ್ಲ. ಸಂಜೆ ಬರೆದ ಸೂಚನೆ ಒಂದು ಚರವನ್ನು ಕಟ್ಟಿಹಾಕಿತು, ಇನ್ನೊಂದನ್ನು ರಾತ್ರಿಗೆ ಬಿಟ್ಟಿತು. ಆ ಬಿಟ್ಟ ಚರವನ್ನು ನೋಡಿಕೊಳ್ಳುವವರು ‘ನೆರವಾಗುತ್ತಿಲ್ಲ’, ಗಳಿಗೆ ಗಳಿಗೆಗೂ ತೀರ್ಮಾನಿಸುತ್ತಿದ್ದಾರೆ. ಕಾಯ್ದೆ ಅವರಿಗೆ ತೀರ್ಮಾನದ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿಲ್ಲ. ಅಧಿಕಾರ ಕೊಡದಲ್ಲಿ ಹೊಣೆಯನ್ನೂ ಕೇಳಲಾಗುವುದಿಲ್ಲ.

ಇದು ಕಾಗದದ ಮೇಲಿನ ಸೂಕ್ಷ್ಮವೆಂದು ನಿಮಗೆ ತೋರಿದರೆ ಇನ್ನೊಂದು ಲೆಕ್ಕ. ತೀವ್ರ ಶ್ವಾಸಕೋಶ ಹಾನಿಯಾದವರಿಗೆ ಎಷ್ಟು ಗಾಳಿ ತಳ್ಳಬೇಕೆಂಬುದನ್ನು ಕುರಿತು 861 ರೋಗಿಗಳ ಮೇಲೆ ನಡೆದ ಅಮೆರಿಕದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕಿಲೋಗ್ರಾಮಿಗೆ 12 ಮಿ.ಲೀ. ಕೊಟ್ಟಲ್ಲಿ ಸಾವು ಶೇಕಡ 39.8, 6 ಮಿ.ಲೀ. ಕೊಟ್ಟಲ್ಲಿ ಶೇಕಡ 31. ಈ ಕಿಲೋಗ್ರಾಂ ತಕ್ಕಡಿಯ ಮೇಲಿನ ತೂಕವಲ್ಲ, ಎತ್ತರದಿಂದ ಲೆಕ್ಕಹಾಕಿದ ತೂಕ. ಏಕೆಂದರೆ ಮನುಷ್ಯ ದಪ್ಪಗಾದರೆ ಅವನ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಹೆಂಗಸರಿಗೆ ಸೂತ್ರ: 45.5ಕ್ಕೆ, ಸೆಂಟಿಮೀಟರಿನಲ್ಲಿ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿದ್ದನ್ನು ಕೂಡಿಸಿ. ನಮ್ಮ ಕಡೆಯ 152 ಸೆಂ.ಮೀ. ಎತ್ತರದ, 75 ಕಿಲೋ ತೂಗುವ ಗೃಹಿಣಿಯನ್ನು ತೆಗೆದುಕೊಳ್ಳಿ. ಲೆಕ್ಕದ ತೂಕ 45 ಕಿಲೋ. ಕೊಡಬೇಕಾದದ್ದು 270 ಮಿ.ಲೀ. ತಕ್ಕಡಿಯ ತೂಕ ಹಾಕಿದರೆ 450 ಮಿ.ಲೀ. ಬರುತ್ತದೆ, ನಿಜವಾದ ಲೆಕ್ಕದಲ್ಲಿ ಕಿಲೋಗೆ 10 ಮಿ.ಲೀ.! ಬರೆದ ಸೂಚನೆ ‘ಕಿಲೋಗೆ 6’ ಎಂದೇ ಇದೆ. ಅನುಷ್ಠಾನವೂ ಅಕ್ಷರಶಃ ಆಗಿದೆ. ಯಾವ ಕಿಲೋ ಎಂದು ಕೇಳುವವರು ಮಾತ್ರ ಹಾಸಿಗೆಯ ಬಳಿ ಇರಲಿಲ್ಲ.

2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳಿಗೆ ಹಣ ಮಂಜೂರಾಯಿತು. ಆ ವರ್ಷ 30,000 ವೆಂಟಿಲೇಟರುಗಳನ್ನು ತಯಾರಿಸುವ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ವಿನ್ಯಾಸದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಪಾಲಿತ್ತು. ಕನ್ನಡ ನಾಡಿನ ತಾಂತ್ರಿಕ ಸಾಮರ್ಥ್ಯದ ಬಗ್ಗೆ ಹೆಮ್ಮೆಪಡಬೇಕಾದ ಸಂಗತಿ. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಮಧ್ಯೆ, ಕೆಲವು ರಾಜ್ಯಗಳಲ್ಲಿ ವೆಂಟಿಲೇಟರುಗಳು ಬಳಕೆಯಾಗದೆ ಉಗ್ರಾಣದಲ್ಲಿವೆ ಎಂಬ ವರದಿಗಳ ನಂತರ, ಕೇಂದ್ರ ಕೊಟ್ಟ ಯಂತ್ರಗಳ ಅಳವಡಿಕೆ ಮತ್ತು ಬಳಕೆಯ ತಪಾಸಣೆಗೆ ಪ್ರಧಾನಿ ಆದೇಶಿಸಿದರು. ಅಗತ್ಯವಿದ್ದಲ್ಲಿ ಸಿಬ್ಬಂದಿಗೆ ಮತ್ತೆ ತರಬೇತಿ ಕೊಡಬೇಕೆಂಬ ಮಾತೂ ಆ ಆದೇಶದಲ್ಲಿತ್ತು. ಯಂತ್ರಗಳನ್ನು ತಿಂಗಳುಗಳಲ್ಲಿ ತಯಾರಿಸಬಹುದು, ತಯಾರಿಸಿದೆವು. ಪ್ಲ್ಯಾಟೊ ಒತ್ತಡವನ್ನು ಓದಬಲ್ಲವರು ಅಷ್ಟು ಬೇಗ ತಯಾರಾಗುವುದಿಲ್ಲ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದ ಬೇಲಿಯನ್ನು ಹಾಗೆಯೇ ತಂದು ನೆಟ್ಟರೆ ನಮ್ಮಲ್ಲಿ ಅನೇಕ ಹಾಸಿಗೆಗಳ ಬಳಿ ಯಾರೂ ಇರುವುದಿಲ್ಲ. ಅದಕ್ಕೇ ಆಯೋಗ ಮತ್ತು ರಾಜ್ಯ ಪರಿಷತ್ತುಗಳಿಂದ ನಾನು ನಿರೀಕ್ಷಿಸುವುದು ಬೇಲಿಯನ್ನಲ್ಲ, ತೀರ್ಮಾನಗಳ ಪಟ್ಟಿಯನ್ನು. ಗರಿಷ್ಠ ಒತ್ತಡ ಏರಿದಾಗ ಪ್ಲ್ಯಾಟೊ ಅಳೆಯುವುದು ಯಾರ ಕೆಲಸ? ಅದು 30 ದಾಟಿದರೆ ವೈದ್ಯರು ಬರುವ ಮುನ್ನ ಗಾತ್ರವನ್ನು ಇಳಿಸುವ ಅಧಿಕಾರ ಯಾರಿಗೆ, ಎಷ್ಟರವರೆಗೆ? ಆಮ್ಲಜನಕವನ್ನು 88ರಿಂದ 92ರೊಳಗೆ ಹಿಡಿದಿಡಬೇಕಾದ ರೋಗಿಯೆಂದು ಗುರುತು ಹಾಕುವವರು ಯಾರು? ಪರಿಣತರು ಇಲ್ಲದ ಕಡೆ ಜಿಲ್ಲಾಸ್ಪತ್ರೆಯ ಪರಿಣತರನ್ನು ದೂರವಾಣಿಯಲ್ಲಿ ಕೇಳಿ ಮಾಡಬಹುದಾದದ್ದು ಯಾವುದು, ಕೇಳಿಯೂ ಮಾಡಬಾರದ್ದು ಯಾವುದು? ಇಂಥ ಇಪ್ಪತ್ತು ಪ್ರಶ್ನೆಗಳಿಗೆ ಉತ್ತರ ಬರೆದರೆ ಎರಡು ಪುಟ ಆದೀತು.

ಪಿ.ಯು.ಸಿ. ವಿಜ್ಞಾನ ಓದಿ ಈ ಕೋರ್ಸಿಗೆ ಸೇರಬಯಸುವ ವಿದ್ಯಾರ್ಥಿಗಳು ನಿಮ್ಮ ಪರಿಚಯದಲ್ಲಿದ್ದರೆ, ಮೇಲಿನ 40 ಸೆಂ.ಮೀ. ಲೆಕ್ಕವನ್ನು ಅವರಿಂದ ಮಾಡಿಸಿ ನೋಡಿ. ರೋಧಕ-ಧಾರಕ ಮಂಡಲದ ಪಾಠದ ಕೊನೆಗೆ ಇದನ್ನು ಒಂದು ಸಮಸ್ಯೆಯಾಗಿ ಕೊಡಬಹುದು. ಎತ್ತರದ ಸೂತ್ರವನ್ನು ಗಂಡಸರಿಗೆ ಬಳಸುವಾಗ 45.5ರ ಬದಲು 50 ತೆಗೆದುಕೊಳ್ಳಬೇಕು, ಉಳಿದದ್ದೆಲ್ಲ ಹಾಗೆಯೇ.